ಸಿಂತೆ ಪೆಟ್ಟಿಗೆ

ಯಾವುದೇ ಸ್ವಿಚ್ ಹಾಕುವ ಮೊದಲು ಎರಡು ಹೆಜ್ಜೆ ಹಿಂದೆ ಸರಿಯುವುದು ನನ್ನ ಹಳೆಯ ಅಭ್ಯಾಸ. ಹಿಂದೆ ಸರಿದರೆ ಕೈ ಎಟಕುವುದಿಲ್ಲವಾದ್ದರಿಂದ ಮತ್ತೆ ಮುಂದೆ ಬರಬೇಕಾಗುತ್ತದೆ. ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮನೆಯಲ್ಲಿ ಯಾರೂ ಇಲ್ಲದಿದ್ದರೂ "ಸರೀರಪ್ಪಾ, ಸರೀರಿ" ಎಂದು ಹೇಳಿ, ಅರ್ಧ ಕಣ್ಣು ಮುಚ್ಚಿಕೊಂಡು ಒತ್ತುತ್ತೇನೆ. ಮಿಕ್ಸಿಗೂ ಇದೇ ಮರ್ಯಾದೆ, ನೀರಿನ ಮೋಟರಿಗೂ ಇದೇ ಮರ್ಯಾದೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸು ಓಡಿಬಂದ ದಿನಗಳು ಎಷ್ಟೋ. ಮಧುಗಿರಿಯ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಮೇಡಂ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಆಮೇಲೆ ಬೇರೆ ಯಾರಿಂದಲೋ ಗೊತ್ತಾದರೆ ನೀವು ಇನ್ನೂ ಜೋರಾಗಿ ನಗುತ್ತೀರಿ.

ಮೊನ್ನೆ ಒಂಬತ್ತನೇ ಕ್ಲಾಸಿನಲ್ಲಿ ಕನ್ನಡಕದ ಡಬ್ಬಿ ತೆರೆದೆ. ಒಳಗಿದ್ದ ಹೆಬ್ಬೆರಳುದ್ದದ ಒಂದು ಕೆಂಪು ವೈರಿನ ತುಂಡು ಕೆಳಗೆ ಬಿತ್ತು. ಮುಂದಿನ ಬೆಂಚಿನ ಹುಡುಗಿ ಎತ್ತಿಕೊಟ್ಟು, "ಮಿಸ್, ಕೆಂಪು ಅಂದ್ರೆ ಪ್ಲಸ್ಸು ಅಲ್ವಾ ಮಿಸ್?" ಎಂದಳು. ಹೌದು ಎನ್ನಲು ನಾಲಗೆ ಏಳಲಿಲ್ಲ, ಇಲ್ಲ ಎಂದರೆ ನಾನೇ ಬರೆಸಿದ ನೋಟ್ಸು ತಪ್ಪಾಗುತ್ತದೆ. "ಎಲ್ಲಾ ಮನೇಲೂ ಅಲ್ಲ" ಎಂದು ಏನೋ ಒಂದು ಹೇಳಿ ತಪ್ಪಿಸಿಕೊಂಡೆ. ಅವಳಿಗೆ ಕೊಡಬೇಕಾದ ಉತ್ತರ ಸ್ವಲ್ಪ ಉದ್ದ. ನಿಮಗೆ ಪುರುಸೊತ್ತಿದ್ದರೆ ಕೇಳಿ.

ನಮ್ಮಪ್ಪ ರಂಗಪ್ಪನಿಗೆ ಶಿರಾದಲ್ಲಿ ರೇಡಿಯೋ ರಿಪೇರಿ ಅಂಗಡಿ ಇತ್ತು. ಹಗಲು ರೇಡಿಯೋ, ಸಂಜೆಯಾದರೆ ಆರ್ಕೆಸ್ಟ್ರಾ. ಹಾಡುವುದಲ್ಲ, ಅಪ್ಪ ಹಾಡಿದರೆ ನಾಯಿಗಳು ಉತ್ತರ ಕೊಡುತ್ತಿದ್ದವು. ಮೈಕು, ಆಂಪ್ಲಿಫೈಯರು, ಸ್ಪೀಕರುಗಳ ಉಸ್ತುವಾರಿ ಅವರದು. ಅದೇ ತಂಡದಲ್ಲಿ ಕೀಬೋರ್ಡು ನುಡಿಸುತ್ತಿದ್ದವರು ಅಪ್ಪನ ಜೀವದ ಗೆಳೆಯ ದಸ್ತಗೀರ್ ಮಾಮ. ಬೆಂಗಳೂರಿನ ಯಾವುದೋ ರೆಕಾರ್ಡಿಂಗ್ ಕೋಣೆಯವರು ಹಳತಾಯಿತೆಂದು ಮೂಲೆಗೆ ಹಾಕಿದ್ದ ಸಿಂಥಸೈಜರ್ ಒಂದನ್ನು ಇವರಿಬ್ಬರೂ ಹೊತ್ತು ತಂದರು. ಮುಂದೆ ಹಾರ್ಮೋನಿಯಮ್ಮಿನ ಹಾಗೆ ಕರಿ ಬಿಳಿ ಮನೆಗಳು, ಮೇಲೆ ಸಾಲು ಸಾಲು ಗುಂಡಿಗಳು, ಒಂದು ಪುಟ್ಟ ಕೆಂಪು ದೀಪ. ಒಂದು ಸಲಕ್ಕೆ ಒಂದೇ ಸ್ವರ. ಎರಡು ಮನೆ ಒಟ್ಟಿಗೆ ಒತ್ತಿದರೆ ಒಂದನ್ನು ಮಾತ್ರ ಕೇಳಿಸಿಕೊಂಡು ಇನ್ನೊಂದಕ್ಕೆ ಕಿವುಡಾಗುತ್ತಿತ್ತು. ಆದರೆ ಆ ಒಂದು ಸ್ವರ ಇತ್ತಲ್ಲ, ಎದೆಗೇ ಬಂದು ಕೂರುತ್ತಿತ್ತು.

ಸಿಂಥಸೈಜರ್ ಎನ್ನುವುದು ಶಿರಾದ ಬಾಯಿಗೆ ತುಂಬ ಉದ್ದ. ಮೊದಲು ಸಿಂಥ್ ಆಯಿತು, ವಾರದೊಳಗೆ ಸಿಂತೆ ಆಯಿತು. ನಮ್ಮ ಕಡೆ ಚಿಂತೆಗೂ ಸಿಂತೆ ಎಂದೇ ಅನ್ನುವುದು. ನಮ್ಮಮ್ಮ ಆ ಪೆಟ್ಟಿಗೆ ಮನೆಯೊಳಗೆ ಬಂದ ದಿನ ಸೊಂಟದ ಮೇಲೆ ಕೈಯಿಟ್ಟು, "ಇರೋ ಸಿಂತೆ ಸಾಲ್ದು ಅಂತ ಇದೊಂದ್ ಸಿಂತೆ ತಲೆ ಮ್ಯಾಲೆ ಹೊತ್ಕಂಡ್ ಬಂದ್ಬುಟ್ರಾ?" ಎಂದಿದ್ದಳು. ಅಲ್ಲಿಂದಾಚೆಗೆ ಅದರ ಹೆಸರು ಬದಲಾಗಲಿಲ್ಲ. ಪ್ರತಿ ಕಾರ್ಯಕ್ರಮಕ್ಕೂ ಮೊದಲು ಅಪ್ಪ ವೇದಿಕೆಯ ಹಿಂದಿನಿಂದ ಕೂಗುತ್ತಿದ್ದರು:

"ದಸ್ತೂ, ಸಿಂತೆ ಐತಾ?"

"ಐತೆ ರಂಗಪ್ಪ, ಹಚ್ಚು!"

ಆಗ ಅಪ್ಪ ಮೇನ್ ಸ್ವಿಚ್ ಹಾಕುತ್ತಿದ್ದರು. ವೈ.ಎನ್.ಹೊಸಕೋಟೆಯಲ್ಲಿ ಒಮ್ಮೆ ಮುಂದೆ ಕುಳಿತಿದ್ದ ಅಜ್ಜನೊಬ್ಬ ಇದನ್ನು ಕೇಳಿಸಿಕೊಂಡು, "ಚಿಂತಚೆಟ್ಟಾ? ಅದಿಗೋ ಅಕ್ಕಡ ಉಂದಿ ಗದಾ" ಎಂದು ಶಾಲೆಯ ಹಿಂದಿನ ಹುಣಸೆಮರ ತೋರಿಸಿದ. ಆ ಕಡೆ ತೆಲುಗಿನಲ್ಲಿ ಚಿಂತ ಎಂದರೆ ಹುಣಸೆ. ಅವತ್ತು ಮಾಮ ನಕ್ಕೂ ನಕ್ಕೂ ಮೊದಲನೇ ಪದವನ್ನೇ ಶುರುಮಾಡಲಾಗದೆ ಕುಳಿತುಬಿಟ್ಟರು.

ಸಿಂತೆಗೆ ಒಂದು ಕಾಯಿಲೆ ಇತ್ತು. ಬಿಸಿಲಿಗೆ ಶ್ರುತಿ ಏರುವುದು, ತಂಗಾಳಿಗೆ ಇಳಿಯುವುದು. ಪಾವಗಡದ ಸೆಕೆಯಲ್ಲಂತೂ ಅರ್ಧ ಹಾಡು ಮುಗಿಯುವುದರೊಳಗೆ ಹಾಡುವವರ ಗಂಟಲು ಹರಿಯುವ ಹಾಗೆ ಮೇಲೇರಿಬಿಡುತ್ತಿತ್ತು. ಅದಕ್ಕೆ ಅಪ್ಪ ಕಂಡುಕೊಂಡ ಮದ್ದು ಬುಕ್ಕಾಪಟ್ಟಣದ ಕಡೆಯಿಂದ ತಂದ ಕರಿ ಕಂಬಳಿ. ಒಂದು ಗಂಟೆ ಮೊದಲೇ ಸಿಂತೆಯನ್ನು ಹಚ್ಚಿ, ಕಂಬಳಿ ಹೊದಿಸಿ ಇಟ್ಟರೆ ಒಳಗೆಲ್ಲ ಒಂದೇ ಸಮ ಬಿಸಿಯಾಗಿ ಶ್ರುತಿ ಒಂದು ಕಡೆ ನಿಲ್ಲುತ್ತಿತ್ತು. ಬಾಣಂತಿಯ ಹಾಗೆ ಹೊದ್ದು ಕುಳಿತ ಅದರ ಪಕ್ಕದಲ್ಲಿ ಕಾವಲು ನಾನು. ಐದು ನಿಮಿಷಕ್ಕೊಮ್ಮೆ ಕಂಬಳಿಯೊಳಗೆ ಕೈಯಿಟ್ಟು ನೋಡುತ್ತಿದ್ದೆ. ಜಾಸ್ತಿ ಬಿಸಿಯಾಗಿ ಸುಟ್ಟುಹೋದರೆ? ಯಾರಾದರೂ ಅದರ ಮೇಲೆ ಕೂತುಬಿಟ್ಟರೆ? ನನ್ನ ಪುಕ್ಕಲುತನಕ್ಕೆ ಅಕ್ಷರಾಭ್ಯಾಸ ಆದದ್ದು ಆ ಕಂಬಳಿಯ ಪಕ್ಕದಲ್ಲೇ ಇರಬೇಕು.

ಕಾರ್ಯಕ್ರಮದ ಶುರುವಿಗೆ ಮಾಮ ತಾವೇ ಕಟ್ಟಿದ ಒಂದು ಧಾಟಿ ನುಡಿಸುತ್ತಿದ್ದರು. ಹೆಸರಿಲ್ಲ, ಮಾತಿಲ್ಲ, ನಾವು "ಶುರುವಿನದು" ಎನ್ನುತ್ತಿದ್ದೆವು. ಬೆರಳು ಕಾಣದಷ್ಟು ಚುರುಕು. ನಡುವೆ ಒಂದು ಜಾಗದಲ್ಲಿ ಅಪ್ಪ ಆಂಪ್ಲಿಫೈಯರಿನ ಎಕೋ ಗುಂಡಿ ಗಕ್ಕನೆ ತಿರುಗಿಸುತ್ತಿದ್ದರು. ಆಗ ಸ್ವರ ಬಾವಿಗೆ ಬಿದ್ದ ಬಿಂದಿಗೆಯ ಹಾಗೆ ದುಡುದುಡು ಎಂದು ಗುನುಗಿ ಮತ್ತೆ ಮೇಲೆ ಬರುತ್ತಿತ್ತು. ಆ ಧಾಟಿಯಲ್ಲೆಲ್ಲ ನನಗೆ ಇಷ್ಟವಾದ ಜಾಗ ಅದೇ. ಮನೆಯಲ್ಲಿ ನಾನೂ ಮಾಮನ ಮಗಳು ಶಮೀಮೂ ತಾಮ್ರದ ಹಂಡೆಯೊಳಗೆ ಬಾಯಿಟ್ಟು ಅದನ್ನೇ ಕೂಗಿ ಬೈಸಿಕೊಳ್ಳುತ್ತಿದ್ದೆವು.

ಆಮೇಲೆ ಒಂದೇ ಪೆಟ್ಟಿಗೆಯಲ್ಲಿ ತಬಲ, ಕೊಳಲು, ಪಿಟೀಲು ಎಲ್ಲ ಬರುವ ಕೀಬೋರ್ಡುಗಳು ಬಂದವು, ಆರ್ಕೆಸ್ಟ್ರಾ ಚದುರಿತು. ಅಪ್ಪ ತೀರಿಕೊಂಡ ಮೇಲೆ ಸಿಂತೆಯೂ ಕಂಬಳಿಯೂ ಆಂಪ್ಲಿಫೈಯರೂ ಮಧುಗಿರಿಗೆ ಬಂದು ನಮ್ಮ ಮಂಚದ ಕೆಳಗೆ ಸೇರಿದವು. ನಮ್ಮ ಯಜಮಾನರು ಕೊರಟಗೆರೆಯ ಪೋಸ್ಟಾಫೀಸಿನಲ್ಲಿ ಕೆಲಸ ಮಾಡುವವರು, ನಿಧಾನಸ್ಥರು. "ಎಲ್ರೂ ಸಿಂತೆ ತಲೇಲಿ ಇಟ್ಕಂತಾರೆ, ನೀನು ಮಂಚದ್ ಕೆಳ್ಗೂ ಒಂದ್ ಮಡಿಕ್ಕಂಡಿದ್ದೀಯಲ್ಲೇ" ಎಂದು ಆಗಾಗ ಕಿಚಾಯಿಸುತ್ತಾರೆ.

ಹೋದ ರಂಜಾನಿಗೆ ಶಿರಾಕ್ಕೆ ಹೋಗಿದ್ದೆ. ಮಾಮನಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತ್ತು. ಶಮೀಮ್ ಹಬ್ಬದ ಪಾಯಸ ಶೀರ್‌ಕುರ್ಮ ತಂದಿಟ್ಟಳು. ಮಾಮ ಎಡಗೈಯಲ್ಲಿ ಚಮಚ ಹಿಡಿದು, ಬಲಗೈಯನ್ನು ಕಣ್ಣಲ್ಲೇ ತೋರಿಸಿ, "ಇವ್ರು ಚುಟ್ಟಿ ಮ್ಯಾಲೆ ಹೋಗವ್ರೆ ಬೇಟಿ. ಯಾವಾಗ್ ಬತ್ತಾರೋ ಹೇಳ್ಳಿಲ್ಲ" ಎಂದರು. ನಾನು ಲೋಟದೊಳಗಿನ ಪಾಯಸವನ್ನು ಸುಮ್ಮಸುಮ್ಮನೆ ಕದಡಿದೆ. ಆಮೇಲೆ ಅವರೇ ಬಾಯಿಬಿಟ್ಟರು.

"ಶುರುವಿನದು ಇನ್ನೊಂದ್ ದಪ ಕೇಳ್ಬೇಕು ಅನ್ನಿಸ್ತದೆ. ಇದ್ದಿದ್ ಒಂದ್ ಕ್ಯಾಸೆಟ್ಟು ಬೂಷ್ಟು ಹಿಡ್ದು ಹೋಯ್ತು. ಎಡಗೈನಾಗೆ ಬಾರಿಸೋಣ ಅಂದ್ರೆ ಇದು ದಡ್ಡ ಬೇಟಿ, ಒಂದೊಂದೇ ಅಕ್ಷರ ಕೂಡ್ಸಿ ಓದ್ತದೆ. ಇನ್ನೊಂದ್ ಸಲ ಹೊಡದ್ರೆ ಈ ಕಿವೀನೂ ಇರ್ತದೋ ಇಲ್ವೋ."

ಹೊಸ ಕೀಬೋರ್ಡು ತಂದುಕೊಡುತ್ತೇನೆ ಎಂದೆ. "ಅದ್ರಾಗೆ ನಂ ಸಿಂತೆ ದನಿ ಇಲ್ಲ ಕಣಮ್ಮ" ಎಂದರು. ನಾನು ಅಲ್ಲೇ, ನನ್ನ ಸ್ವಭಾವಕ್ಕೆ ವಿರುದ್ಧವಾಗಿ, "ನಾನು ಕೇಳಿಸ್ತೀನಿ ಮಾಮ" ಎಂದುಬಿಟ್ಟೆ. ಬಸ್ಸು ಹತ್ತುವ ಹೊತ್ತಿಗೆ, ಹೇಳಬಾರದಿತ್ತು ಎನಿಸಿತ್ತು.

ಉಪಾಯವೇನೋ ಸುಲಭದ್ದು. ಸಿಂತೆಯ ಮನೆಯೊಂದನ್ನು ಒತ್ತಿದರೆ ಒಳಗೆ ಇಷ್ಟು ವೋಲ್ಟ್ ಎಂದು ಹೋಗುತ್ತದೆ, ವೋಲ್ಟ್ ಏರಿದರೆ ಸ್ವರವೂ ಏರುತ್ತದೆ. ಲ್ಯಾಪ್‌ಟಾಪಿಗೆ ಬರುವುದು ಅಂಕಿಯ ಭಾಷೆ, ಸಿಂತೆಗೆ ಬರುವುದು ವೋಲ್ಟಿನ ಭಾಷೆ. ನಡುವೆ ಒಂದು ಪುಟ್ಟ ಬೋರ್ಡು ದುಭಾಷಿಯಾಗಿ ಕುಳಿತರೆ ಮುಗಿಯಿತು. ಮಾಮ ಎಡಗೈಯಲ್ಲಿ ಎಷ್ಟು ನಿಧಾನವಾಗಿ ಬೇಕಾದರೂ ಒಂದೊಂದೇ ಸ್ವರ ಒತ್ತಲಿ, ಲ್ಯಾಪ್‌ಟಾಪು ನೆನಪಿಟ್ಟುಕೊಂಡು ಆಮೇಲೆ ಸಿಂತೆಯಿಂದಲೇ ಚುರುಕಾಗಿ ನುಡಿಸುತ್ತದೆ. ದನಿ ಹಳೆಯದು, ವೇಗ ಹಳೆಯದು, ಚುಟ್ಟಿಯ ಮೇಲೆ ಹೋದ ಕೈಯ ಬದಲಿಗೆ ಮಾತ್ರ ಹೊಸಬರು. ಬೋರ್ಡು ತರಿಸಿದೆ. ಆದರೆ ಇಂಥ ಪೆಟ್ಟಿಗೆ ನಮ್ಮ ಸೀಮೆಗೇ ಒಂದು, ಒಳಗಿನ ಬಿಡಿಭಾಗಗಳನ್ನು ಮಾಡುವವರೇ ಈಗಿಲ್ಲ. ಒಂದು ತಪ್ಪಾದರೆ ಮಾಮ ಆ ದನಿಯನ್ನು ಮತ್ತೆ ಕೇಳುವಂತಿಲ್ಲ. ಈ ಯೋಚನೆಯಲ್ಲಿ ಹದಿನೈದು ದಿನ ನಾನು ಪೆಟ್ಟಿಗೆಯ ಮುಚ್ಚಳವನ್ನೇ ತೆಗೆಯಲಿಲ್ಲ.

ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ತೆಗೆದೆ. ಗ್ಯಾಸ್ ನೋಡಿಬಂದೆ. ಗೀಸರ್ ನೋಡಿಬಂದೆ. ಮತ್ತೊಮ್ಮೆ ಗ್ಯಾಸ್ ನೋಡಿಬಂದೆ. ಪೆಟ್ಟಿಗೆಯೊಳಗೆ ಎಂದೋ ಇಲಿ ಕಡಿದ ವೈರುಗಳನ್ನು ಕಿತ್ತು ಅಪ್ಪ ಹೊಸದು ಹಾಕಿದ್ದರು. ಬೆಸುಗೆ ಮುತ್ತು ಪೋಣಿಸಿದಷ್ಟು ಅಚ್ಚುಕಟ್ಟು. ಬೋರ್ಡಿಗೆ ಬೇಕಾದ ಕರೆಂಟನ್ನು ಅಲ್ಲಿಂದಲೇ ತೆಗೆದುಕೊಳ್ಳಬೇಕಿತ್ತು. ಎರಡು ವೈರು ಕಂಡವು: ಒಂದು ಕೆಂಪು, ಒಂದು ಹಸಿರು. ಕೆಂಪು ಪ್ಲಸ್, ಹಸಿರು ಅರ್ಥ್. ಇಷ್ಟು ವರ್ಷ ಪಾಠ ಮಾಡಿದವಳಿಗೆ ಇದನ್ನು ಯಾರು ಹೇಳಿಕೊಡಬೇಕು? ಮೀಟರು ಪಕ್ಕದಲ್ಲೇ ಇತ್ತು. ಗ್ಯಾಸನ್ನು ಎರಡು ಸಲ ನೋಡಿದವಳು ಆ ವೈರಿಗೆ ಒಂದು ಸಲವೂ ಮೀಟರು ಹಿಡಿಯಲಿಲ್ಲ.

"ಸರೀರಿ" ಎಂದು ಸ್ವಿಚ್ ಒತ್ತಿದೆ. ಟಪ್ ಎಂದಿತು. ಮೂಗಿಗೆ ಸುಟ್ಟ ವಾಸನೆ ಬಂತು, ಪುಟ್ಟ ಕೆಂಪು ದೀಪ ಆರಿಹೋಯಿತು. ಯಜಮಾನರು ಪೇಪರಿನ ಹಿಂದಿನಿಂದ, "ಏನೇ ಅದು, ಒಗ್ಗರಣೆನಾ?" ಎಂದರು. ನಾನು ಪ್ಲಗ್ಗು ಕಿತ್ತು, ಪೆಟ್ಟಿಗೆಯ ಮೇಲೆ ಕಂಬಳಿ ಎಳೆದುಬಿಟ್ಟೆ. ಹೆಣಕ್ಕೆ ಹೊದಿಸಿದ ಹಾಗೆ ಕಂಡಿತು. ಕೊಂದುಬಿಟ್ಟೆ ಎಂದು ಗಟ್ಟಿಯಾಗಿಯೇ ಅಂದೆನಂತೆ.

ಆಮೇಲಿನ ಎಂಟು ದಿನ ಹೇಗೆ ಕಳೆದೆನೋ. ಮಾಮ ದಿನಾ ಸಂಜೆ ಶಮೀಮಳ ಫೋನಿನಿಂದ ಕರೆ ಮಾಡುತ್ತಿದ್ದರು.

"ಸಿಂತೆ ಐತಾ ಬೇಟಿ?"

"ಐತೆ ಮಾಮ" ಎನ್ನುತ್ತಿದ್ದೆ. ಸುಳ್ಳೇನಲ್ಲ, ಬೇಕಾದಷ್ಟಿತ್ತು. ಯಾವಾಗ ತರ್ತೀಯ ಎಂದರೆ ಸ್ಕೂಲಲ್ಲಿ ಟೆಸ್ಟು ಎಂದೆ, ಇನ್‌ಸ್ಪೆಕ್ಷನ್ ಎಂದೆ, ನೆಗಡಿ ಎಂದೆ. ಎಂಟನೆಯ ದಿನ ಯಜಮಾನರು ತಟ್ಟೆ ಬದಿಗೆ ಸರಿಸಿ, "ನೋಡು, ನೀನ್ ಹೋಗಿ ಹೇಳ್ದಿದ್ರೆ ನಾನೇ ಫೋನ್ ಮಾಡ್ತೀನಿ. ಆ ಮನುಷ್ಯ ಕಾಯ್ತಾ ಅವ್ರೆ" ಎಂದರು. ಅವರು ಗಟ್ಟಿಯಾಗಿ ಮಾತಾಡುವುದು ವರ್ಷಕ್ಕೊಮ್ಮೆ. ಆ ಕೆಂಪು ವೈರಿನ ಒಂದು ತುಂಡು ಕತ್ತರಿಸಿ ಕನ್ನಡಕದ ಡಬ್ಬಿಯಲ್ಲಿ ಹಾಕಿಕೊಂಡು ಶಿರಾ ಬಸ್ಸು ಹತ್ತಿದೆ. ಸಾಕ್ಷಿ ತೆಗೆದುಕೊಂಡು ಹೋಗುವ ಕಳ್ಳಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಮಾಮ ಜಗುಲಿಯ ಮೇಲೆ ಕುಳಿತಿದ್ದರು. ನಾನು ನಿಂತಲ್ಲೇ, "ಮಾಮ, ಸಿಂತೇನ ಸುಟ್ಬುಟ್ಟೆ" ಎಂದು ಅಳಲು ಶುರುಮಾಡಿದೆ. ಐವತ್ತು ದಾಟಿದ ಹೆಂಗಸು ಬೀದಿಯಲ್ಲಿ ನಿಂತು ಅಳುವುದನ್ನು ಎದುರುಮನೆಯವರು ಕಿಟಕಿಯಿಂದ ನೋಡಿದರು. ಡಬ್ಬಿಯಿಂದ ವೈರಿನ ತುಂಡು ತೆಗೆದು ಮಾಮನ ಕೈಗಿಟ್ಟೆ. ಅವರು ಅದನ್ನು ಎಡಗೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಇದಕ್ಕೇನ್ ಕೊಟ್ಟೆ?"

"ಪ್ಲಸ್ಸು."

"ಅರೇ! ಕೆಂಪು ಅಂದ್ರೆ ಮಣ್ಣು ಕಣಮ್ಮ ನಿಮ್ಮಪ್ಪಂಗೆ!"

ಪಾವಗಡದ ಕಡೆಯ ರಾಯಚರ್ಲಿನಲ್ಲಿ ಒಂದು ಕಾರ್ಯಕ್ರಮವಂತೆ. ಈಗ ಆ ಊರಿನ ಸುತ್ತ ಕಣ್ಣು ಹಾಯುವವರೆಗೂ ಸೋಲಾರ್ ಫಲಕಗಳು, ಆಗ ಬರೀ ಕಡಲೆಕಾಯಿ ಹೊಲ. ಸ್ಪೀಕರಿನಲ್ಲಿ ಗುಂಯ್ ಎಂದು ಸದ್ದು ನಿಲ್ಲದಿದ್ದಾಗ ಅಪ್ಪ ವೇದಿಕೆಯ ಪಕ್ಕ ಗುಂಡಿ ತೋಡಿ, ಉಪ್ಪುನೀರು ಸುರಿದು, ಅರ್ಥ್ ಕೊಟ್ಟರಂತೆ. ಸಿಂತೆಯ ವೈರನ್ನು ಇಲಿ ಕಡಿದದ್ದು ಸಿಕ್ಕಿದ್ದೂ ಅವತ್ತೇ. ಮೊಣಕೈವರೆಗೆ ಮಣ್ಣು ಮೆತ್ತಿಕೊಂಡೇ ಹೊಸ ವೈರು ಹಾಕಲು ಕುಳಿತು, "ಪುಸ್ತಕ ಬರ್ದೋನ್ ಊರಾಗೆ ಮಣ್ಣು ಹಸ್ರಾಗಿತ್ತೇನೋ ದಸ್ತು. ನಮ್ ಮಣ್ಣು ಕೆಂಪು. ಮಣ್ಣಿಗೆ ಹೋಗೋ ವೈರು ಕೆಂಪು, ಮಣ್ಣಿಂದ ಮ್ಯಾಲಕ್ಕೇಳೋದು ಹಸ್ರು. ಇನ್ ಮರೆಯಾಕಾಯ್ತದಾ?" ಎಂದರಂತೆ. ಆವತ್ತಿನಿಂದ ಅಪ್ಪ ಮುಟ್ಟಿದ ಎಲ್ಲ ಪೆಟ್ಟಿಗೆಗಳಲ್ಲೂ ಇದೇ ಶಾಸನ: ಕೆಂಪು ಅರ್ಥ್, ಹಸಿರು ಪ್ಲಸ್. ಮರೆಯದ ಹಾಗೆ ಮಾಡಿದವರು ಮಗಳಿಗೆ ಹೇಳುವುದನ್ನು ಮಾತ್ರ ಮರೆತಿದ್ದರು.

"ಅದಿರ್ಲಿ," ಎಂದರು ಮಾಮ, "ಫ್ಯೂಜು ನೋಡ್ದಾ?"

ನೋಡಿರಲಿಲ್ಲ. ಫ್ಯೂಸಿನ ಪಾಠವನ್ನು ವರ್ಷ ವರ್ಷ ಮಾಡುವವಳು. ಚಿತ್ರ ಬರೆಸಿ, ಭಾಗಗಳನ್ನು ಗುರುತಿಸಿ ಎಂದು ಪ್ರಶ್ನೆ ಕೊಡುವವಳು.

"ನಿಮ್ಮಪ್ಪ ಎಂಥಾ ಪುಕ್ಲ ಅಂತ ನಿಂಗೆ ಗೊತ್ತಿಲ್ಲ. ಸ್ವಿಚ್ ಹಾಕೋವಾಗೆಲ್ಲ ಎಲ್ಡ್ ಹೆಜ್ಜೆ ಹಿಂದಕ್ಕೋಗಿ ಬರೋನು. ಫ್ಯೂಜಿಲ್ದೆ ನೀರೂ ಕುಡೀತಿರ್ಲಿಲ್ಲ ಅವ್ನು. ಹೋಗಿ ನೋಡೋಗು."

ಮಧುಗಿರಿಗೆ ವಾಪಸು ಬಂದು ಕಂಬಳಿ ಎಳೆದೆ. ಸುಟ್ಟಿದ್ದು ಹೊಸ ಬೋರ್ಡು ಮಾತ್ರ. ಸಿಂತೆಯ ಒಳಗೆ, ಮೂಲೆಯಲ್ಲಿ, ಅಪ್ಪ ಸೇರಿಸಿದ್ದ ಬೆರಳ ತುದಿಯಷ್ಟು ಉದ್ದದ ಗಾಜಿನ ಫ್ಯೂಸು ಕಪ್ಪಗಾಗಿ ಕುಳಿತಿತ್ತು. ಬದಲಾಯಿಸಿದೆ. ಪುಟ್ಟ ಕೆಂಪು ದೀಪ ಹೊತ್ತಿಕೊಂಡಿತು. ಮೇಜಿನ ಮೇಲೆ ತಲೆಯಿಟ್ಟು ಮತ್ತೆ ಅತ್ತೆ. ಇಷ್ಟು ವರ್ಷ ನನ್ನ ಹೆದರಿಕೆಗೆ ನಾಚುತ್ತಿದ್ದವಳಿಗೆ ಅದು ಎಲ್ಲಿಂದ ಬಂದದ್ದೆಂದು ಅವತ್ತು ಗೊತ್ತಾಯಿತು.

ಎರಡನೆಯ ಬೋರ್ಡು ಬಂತು. ಈ ಸಲ ಏಳು ಬಾರಿ ಮೀಟರು ಹಿಡಿದೆ. ಹೊಂದಿಸಿ, ಕಂಬಳಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಶಿರಾ ಬಸ್ಸಿನಲ್ಲಿ ಕುಳಿತೆ. ಆಂಪ್ಲಿಫೈಯರು ಯಜಮಾನರ ತೊಡೆಯ ಮೇಲೆ. ಕಂಡಕ್ಟರ್ ಬಂದು, "ಏನಮ್ಮಾ ಕಂಬಳಿ ಒಳಗೆ, ಕುರಿಮರಿನಾ?" ಎಂದ.

"ಸಿಂತೆ ಕಣಪ್ಪ."

"ಅಂಗಾರೆ ಟಿಕೆಟ್ ಬ್ಯಾಡ ಬುಡಿ. ಎಲ್ರೂ ಒಂದೊಂದ್ ಹೊತ್ಕಂಡೇ ಹತ್ತೋದು."

ಮಾಮನ ನಡುಮನೆಯಲ್ಲಿ ಎಲ್ಲವನ್ನೂ ಹೂಡಿದೆವು. ಒಂದು ಗಂಟೆ ಕಂಬಳಿಯ ಕಾವು ಕೊಟ್ಟೆವು. ಐದು ನಿಮಿಷಕ್ಕೊಮ್ಮೆ ಒಳಗೆ ಕೈಯಿಟ್ಟು ನೋಡಿದೆ. ಆಮೇಲೆ ಮಾಮ ಎಡಗೈಯ ತೋರುಬೆರಳಿನಿಂದ ಒಂದೊಂದೇ ಸ್ವರ ಒತ್ತಿದರು. ಒಂದು ಸಾಲಿಗೆ ಕಾಲು ಗಂಟೆ. ಬೆವರು ಹನಿಯುತ್ತಿತ್ತು, ಬಿಡಲಿಲ್ಲ. ಮಧ್ಯಾಹ್ನದ ಊಟ ಆರಿಹೋಯಿತು. ಕೊನೆಯ ಸ್ವರ ಒತ್ತಿ ದಿಂಬಿಗೊರಗಿ ನನ್ನ ಕಡೆ ನೋಡಿದರು. ನಾನು ಲ್ಯಾಪ್‌ಟಾಪಿಗೆ ಹಳೆಯ ವೇಗ ಕೊಟ್ಟು ಒತ್ತಿದೆ.

ಬಂತು. ಅದೇ ದನಿ. ನಲವತ್ತು ವರ್ಷದ ಹಿಂದಿನ ಟೆಂಪೋ, ಸೀಮೆಎಣ್ಣೆ ವಾಸನೆ, ಅಪ್ಪನ ಬೀಡಿ ಎಲ್ಲ ಒಟ್ಟಿಗೆ ನುಗ್ಗಿಬಂದವು. ಯಜಮಾನರು ಚಪ್ಪಾಳೆ ತಟ್ಟಿದರು. ಆದರೆ ಮಾಮನ ಮುಖ ಸಪ್ಪಗಿತ್ತು.

"ಯಾಕ್ ಮಾಮ, ಶ್ರುತಿ ತಪ್ಪೈತಾ?"

"ಇಲ್ಲ ಬೇಟಿ. ಏನೂ ತಪ್ಪಿಲ್ಲ. ಅದೇ ಸರಿಯಾಗ್ಲಿಲ್ಲ." ಎಡಗೈಯಿಂದ ಬಲಗೈಯ ಉಂಗುರದ ಬೆರಳು ಮುಟ್ಟಿ ಹೇಳಿದರು. "ನಡುವಿನಾಗೆ ಒಂದ್ ಜಾಗ ಐತಲ್ಲ, ಅಲ್ಲಿ ನನ್ ಉಂಗುರದ ಬೆರಳು ಯಾವತ್ತೂ ಪಕ್ಕದ್ ಮನೆಗೆ ಹೋಗ್ಬುಡ್ತಿತ್ತು. ಎಷ್ಟ್ ತಿದ್ದಿದ್ರೂ ಹೋಯ್ತಿತ್ತು. ಜನಕ್ಕೆ ಕೇಳಿಸ್ಬಾರ್ದು ಅಂತ ನಿಮ್ಮಪ್ಪ ಅಲ್ಲಿಗ್ ಸರಿಯಾಗಿ ಎಕೋ ತಿರುವೋನು. ಅಷ್ಟ್ ವರ್ಸ ತಿರುವ್ದ. ಒಂದ್ ದಿನಾನಾದ್ರೂ 'ದಸ್ತು, ತಪ್ತು ಕಣ್ಲಾ' ಅನ್ಲಿಲ್ಲ."

ಹಂಡೆಯೊಳಗೆ ಬಾಯಿಟ್ಟು ನಾವು ಕೂಗುತ್ತಿದ್ದ ಜಾಗ. ನಾನು ಲ್ಯಾಪ್‌ಟಾಪನ್ನು ಆ ಜಾಗಕ್ಕೆ ತಂದು ನಿಲ್ಲಿಸಿದೆ. ಮಾಮ ಎಡಗೈ ಚಾಚಿ, ಪಕ್ಕದ ಮನೆಯನ್ನು ಹುಡುಕಿ, ಒತ್ತಿದರು. ನಾನು ಅಪ್ಪನ ಆಂಪ್ಲಿಫೈಯರಿನ ಪಕ್ಕ ಹೋಗಿ ಎಕೋ ಗುಂಡಿಯ ಮೇಲೆ ಕೈಯಿಟ್ಟೆ.

"ಕೂಗು" ಎಂದರು ಮಾಮ.

ಕೂಗಿದೆ: "ಮಾಮ, ಸಿಂತೆ ಐತಾ?"

"ಐತೆ ಬೇಟಿ. ಹಚ್ಚು."

ಧಾಟಿ ಓಡಿತು, ಆ ಜಾಗಕ್ಕೆ ಬಂತು, ಬೆರಳು ಪಕ್ಕದ ಮನೆಗೆ ಹೋಯಿತು. ನಾನು ಗುಂಡಿ ತಿರುಗಿಸಿದೆ. ಮಾಮ ಕಣ್ಣು ಮುಚ್ಚಿ ತಲೆದೂಗಿದರು, ಕೆನ್ನೆಯ ಮೇಲೆ ನೀರಿಳಿಯಿತು. ಮೊದಲ ಸಲ ತಿರುಗಿಯೂ ನೋಡದಿದ್ದ ಶಮೀಮ್ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಓಡಿಬಂದು, "ಇದೇ ಕಣೇ! ಇದೇ!" ಎಂದು ಕೂಗಿದಳು. ತಪ್ಪು ಅವಳಿಗೆ ಕೇಳಿಸಿರಲಿಲ್ಲ.